ಗುರಮ್ಮ ಗಟ್ಟಿಯಾಗಿ ಎಣಿಸಿದ್ದು

ಅತನೂರಿನ ಶಾಂತಲಿಂಗಪ್ಪನವರ ಮನೆಗೆ ಗುರಮ್ಮ ಸೊಸೆಯಾಗಿ ಬಂದು ಒಂಬತ್ತು ವರ್ಷವಾಗಿತ್ತು. ಅಷ್ಟೂ ವರ್ಷದಲ್ಲಿ ಮಾವನೆದುರು ಅವಳು ಆಡಿದ ಮಾತುಗಳನ್ನೆಲ್ಲ ಬರೆದರೆ ಒಂದು ಪೋಸ್ಟ್ ಕಾರ್ಡೂ ತುಂಬುತ್ತಿರಲಿಲ್ಲ. ಅವರು ಪಡಸಾಲೆಗೆ ಬಂದರೆಂದರೆ ಇವಳು ಸೆರಗನ್ನು ತಲೆಗೆ ಎಳೆದುಕೊಂಡು ಒಳಗೆ ಸರಿಯುವಳು. ಅವರಿಗೆ ತಿಳಿಸಬೇಕಾದ್ದನ್ನು ಅತ್ತೆ ಸುಭದ್ರಾಬಾಯಿಗೆ ಹೇಳುವಳು, ಅತ್ತೆ ಗಂಡನಿಗೆ ಹೇಳುವರು. ಮಾವನವರು ಕೆಟ್ಟವರೇನಲ್ಲ. ಆ ಮನೆಯಲ್ಲಿ ಮಾತು ನಡೆಯುತ್ತಿದ್ದ ದಾರಿಯೇ ಹಾಗಿತ್ತು.

ಅವಳ ದಿನ ನಸುಕಿನ ಐದಕ್ಕೆ ಶುರುವಾಗುತ್ತಿತ್ತು. ಹದಿಮೂರು ಜನರ ಮನೆ. ಜೋಳದ ಹಿಟ್ಟು ನಾದಿ, ರೊಟ್ಟಿ ಬಡಿದು, ಹೊಲಕ್ಕೆ ಬುತ್ತಿ ಕಟ್ಟಿ, ದನದ ಕೊಟ್ಟಿಗೆ ಬಳಿದು, ಮಕ್ಕಳ ತಲೆ ಬಾಚಿ, ಪಾತ್ರೆ ತಿಕ್ಕಿ, ಬಟ್ಟೆ ಒಗೆದು ಅವಳು ಗೋಡೆಗೆ ಬೆನ್ನು ಕೊಡುವಷ್ಟರಲ್ಲಿ ಮಧ್ಯಾಹ್ನ ಎರಡಾಗಿರುತ್ತಿತ್ತು. ಮೂರಕ್ಕೆ ಮತ್ತೆ ನೀರಿಗೆ ಹೋಗಬೇಕು. ನಡುವಿನ ಆ ಒಂದು ಗಂಟೆ ಮಾತ್ರ ಅವಳದು.

ಆ ಗಂಟೆಯನ್ನು ಕೇಳಿಕೊಂಡು ಬಂದವಳು ವಜೀರುನ್ನಿಸಾ. ಆಳಂದದ ಹುಡುಗಿ, ಅತನೂರಿನ ಉಪಕೇಂದ್ರಕ್ಕೆ ನರ್ಸಾಗಿ ಬಂದು ಎರಡು ವರ್ಷವಾಗಿತ್ತು. ಊರ ಹೆಂಗಸರು ಅವಳನ್ನು ನರ್ಸಬಾಯಿ ಎನ್ನುತ್ತಿದ್ದರು. ೧೯೮೮ರ ಬೇಸಿಗೆಯಲ್ಲಿ ಪಕ್ಕದ ಹೊಲದಲ್ಲಿ ಪಂಪಿನ ಸ್ಟಾರ್ಟರ್ ಮುಟ್ಟಿ ಒಬ್ಬ ಆಳು ಬಿದ್ದಿದ್ದ. ಮೂಗಿಗೆ ಉಳ್ಳಾಗಡ್ಡಿ ಹಿಡಿದರು, ತಲೆಗೆ ನೀರು ಸುರಿದರು, ಅಂಗಾಲು ತಿಕ್ಕಿದರು. ವಜೀರುನ್ನಿಸಾ ಸುದ್ದಿ ಕೇಳಿ ಓಡಿಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎದೆ ಒತ್ತಬೇಕೆಂದು ಅಲ್ಲಿದ್ದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅದಾದ ಮೇಲೆ ಅವಳು ಪಂಚಾಯ್ತಿ ಕಟ್ಟೆಯ ಮೇಲೆ ಗಂಡಸರನ್ನು ಕೂಡಿಸಿ ಒಮ್ಮೆ ಹೇಳಿಕೊಟ್ಟಳು. ಅವರು ಚಹಾ ಕುಡಿದು ತಲೆಯಾಡಿಸಿ ಎದ್ದುಹೋದರು. ಮನೆಗೆ ಬರುವಾಗ ದಾರಿಯುದ್ದಕ್ಕೂ ಅವಳ ಕಣ್ಣಿಗೆ ಬಿದ್ದದ್ದು ಹೆಂಗಸರೇ. ಹಗಲಿಡೀ ಮನೆಗಳಲ್ಲಿ ಇರುವವರು ಇವರು, ಕಲಿಸಿದ್ದು ಹೊಲಕ್ಕೆ ಹೋಗುವವರಿಗೆ. ಮಾರನೆಯ ದಿನದಿಂದಲೇ ಅವಳು ಮಧ್ಯಾಹ್ನ ಎರಡರ ಗಂಟೆಯನ್ನು ಬೇಡಿಕೊಂಡು ಮನೆಮನೆಗೆ ತಿರುಗಿದಳು.

ಮಾಳಮ್ಮನ ಅಂಗಳದಲ್ಲಿ ಕ್ಲಾಸು ಶುರುವಾಯಿತು. ಗೋಣಿಚೀಲಕ್ಕೆ ಹೊಟ್ಟು ತುಂಬಿ, ಎದೆಯ ಜಾಗದಲ್ಲಿ ಸೈಕಲ್ ಟ್ಯೂಬುಗಳನ್ನು ಸುತ್ತಿಟ್ಟು, ಮೇಲೆ ಹಳೆ ಅಂಗಿ ತೊಡಿಸಿ ಹೆಂಗಸರೇ ಒಂದು ಬೊಂಬೆ ಹೊಲಿದರು. ಒತ್ತಿದರೆ ತಗ್ಗುತ್ತಿತ್ತು, ಬಿಟ್ಟರೆ ಏಳುತ್ತಿತ್ತು. ಅದಕ್ಕೊಂದು ಹೆಸರು ಬೇಕಲ್ಲ ಎಂದಾಗ ಯಾರೋ ಸೈದಪ್ಪ ಎಂದಿಟ್ಟರು. ಸೈದಪ್ಪ ಮಾಳಮ್ಮನ ಗಂಡನ ಹೆಸರು. ಗಂಡನ ಹೆಸರು ಹೇಳದ ಮಾಳಮ್ಮ ಈಗ ಬೊಂಬೆಯ ಹೆಸರನ್ನೂ ಹೇಳುವಂತಿಲ್ಲ.

"ಏನ್ ಬೇ ಮಾಳಮ್ಮ, ಯಾರ ಎದಿ ಒತ್ತಾಕತ್ತಿ? ಹೇಳಲಾ" ಎಂದು ಉಳಿದ ಹೆಂಗಸರು ಕಾಡಿದರು.

"ನಿಮ್ಮ ಭಾವನ ಎದಿ ಒತ್ತಾಕತ್ತೇನಿ. ನಲವತ್ತ ವರ್ಷ ಅವರು ನನ್ನ ಜೀವಾ ಹಿಂಡ್ಯಾರ, ಈಗ ನನ್ನ ಪಾಳಿ" ಎಂದು ಮಾಳಮ್ಮ ಎರಡು ಹೆಚ್ಚಿಗೆಯೇ ಒತ್ತಿದಳು.

ಮೊದಲ ದಿನ ಎಲ್ಲರೂ ಒಂದೇ ತಪ್ಪು ಮಾಡಿದರು. ಅಂಗೈಯ ಬುಡವನ್ನು ಎದೆಗೆ ಊರಿ ಮುಂದಕ್ಕೆ ತಳ್ಳಿದರು. ಮೊಣಕೈ ಮಡಿಚಿತು, ಬೊಂಬೆ ಅಂಗಳದ ತುದಿಗೆ ಜಾರಿತು. ವಜೀರುನ್ನಿಸಾ ಅವರ ಕೈಗಳನ್ನು ನೋಡಿದಳು. ಎಲ್ಲರೂ ಒಂದೇ ಥರ ತಪ್ಪುವುದೇಕೆಂದು ಅವಳಿಗೆ ಆಮೇಲೆ ಹೊಳೆಯಿತು.

"ಹಿಟ್ಟು ನಾದಾಕತ್ತೀರಲ್ಲ ಎಲ್ಲಾರೂ. ಇದು ನಾದೋದಲ್ರವ್ವಾ. ಕುಟ್ಟೂವಾಗ ಒನಕಿ ಹೆಂಗ ನೆಟ್ಟಗ ಬೀಳ್ತದ? ಹಂಗ. ಬಿದ್ದಮ್ಯಾಲೆ ಪೂರಾ ಮ್ಯಾಲೆ ಏಳ್ಬೇಕು. ಅರ್ಧಕ್ಕ ಏಳ್ಸಿದ್ರ ಜ್ವಾಳ ಮುರೀತಾವೇನು?"

ಅದನ್ನು ಯಾರಿಗೂ ಎರಡನೆಯ ಸಲ ಹೇಳಬೇಕಾಗಲಿಲ್ಲ. ತೋಳು ನೆಟ್ಟಗಾದವು. ಹದಿನೈದು ಸಲ ಒತ್ತುವುದು, ಮೂಗು ಹಿಡಿದು ಬಾಯಲ್ಲಿ ಎರಡು ಸಲ ಊದುವುದು, ಮತ್ತೆ ಹದಿನೈದು. ಗಟ್ಟಿಯಾಗಿ ಎಣಿಸಬೇಕು. ಕರೆಂಟು ಹಿಡಿದಿದ್ದರೆ ಮೊದಲು ಮೇನ್ ಇಳಿಸಬೇಕು, ಅಲ್ಲಿಯವರೆಗೆ ಮೈ ಮುಟ್ಟಕೂಡದು.

"ಗುಲಬರ್ಗಾ ದೊಡ್ಡ ದವಾಖಾನ್ಯಾಗ ಒಂದು ಮಷೀನ್ ಅದ" ಎಂದು ವಜೀರುನ್ನಿಸಾ ಒಮ್ಮೆ ಹೇಳಿದಳು. "ಎದಿಗೆ ಎರಡು ಬಿಲ್ಲಿ ಇಟ್ಟು ಕರೆಂಟ್ ಕೊಡ್ತಾರ. ಹಾದಿ ತಪ್ಪಿ ಕುಣಿಯೋ ಗುಂಡಿಗಿ ಮತ್ತ ಹಾದಿಗೆ ಬರ್ತದ. ನಾ ಕಣ್ಣಾರೆ ನೋಡೀನಿ. ಅಂಥಾದ್ದೊಂದು ನಮ್ಮ ಅತನೂರಿಗೆ ಯಾವಾಗ ಬರ್ತದೋ. ಅಲ್ಲೀತನಕ ರಕ್ತ ಓಡಾಡಿಸೋ ಕೆಲಸ ನಿಮ್ಮ ಕೈದು."

"ಎಲ್ಲಾ ಕೆಲಸಾನೂ ನಮ್ಮ ಕೈದೇ. ಇದೊಂದು ಉಳಿದಿತ್ತು ನೋಡ್ರಿ" ಎಂದಳು ಗುರಮ್ಮ. ಎಲ್ಲರೂ ನಕ್ಕರು.

ಸುಭದ್ರಾಬಾಯಿಗೆ ಮಾತ್ರ ಈ ಕ್ಲಾಸು ಹಿಡಿಸಲಿಲ್ಲ. "ಬೊಂಬಿ ಮ್ಯಾಲೆ ಬಿದ್ದು ಬಾಯಾಗ ಊದೂದಂತ. ಕಣ್ಣಿಂದ ನೋಡಾಕಾಗಲ್ಲ" ಎಂದು ಗೊಣಗುವರು. ಆದರೂ ಸೊಸೆಯನ್ನು ತಡೆಯಲಿಲ್ಲ. ಒಂದೆರಡು ಸಲ ನೆಪ ಮಾಡಿಕೊಂಡು ಬಂದು, ಮಾಳಮ್ಮನ ಬಾಗಿಲ ಬಳಿ ನಿಂತು ನೋಡಿಯೂ ಹೋದರು.

ಮರುವರ್ಷ ಶ್ರಾವಣದಲ್ಲಿ, ಒಂದು ಬೆಳಗಿನ ಹನ್ನೊಂದರ ಹೊತ್ತಿಗೆ ಅದು ನಡೆಯಿತು. ಗಂಡಸರೆಲ್ಲ ಹೊಲಕ್ಕೆ, ಮಕ್ಕಳು ಶಾಲೆಗೆ ಹೋಗಿದ್ದರು. ಗುರಮ್ಮನ ಗಂಡ ಹಣಮಂತರಾಯ ಅಫಜಲಪುರದ ಸಂತೆಗೆ ಹೋಗಿದ್ದ. ಮನೆಯಲ್ಲಿದ್ದವರು ಅತ್ತೆ, ಸೊಸೆ ಮತ್ತು ಸ್ನಾನ ಮುಗಿಸಿ ಲಿಂಗಪೂಜೆಗೆ ಕೂಡಬೇಕಿದ್ದ ಶಾಂತಲಿಂಗಪ್ಪ. ಪೂಜೆಯ ಪಂಚೆಯನ್ನು ಅವರು ಯಾರಿಗೂ ಮುಟ್ಟಿಸುತ್ತಿರಲಿಲ್ಲ. ತಾವೇ ಹಿಂಡಿ ತಾವೇ ಒಣಹಾಕುತ್ತಿದ್ದರು. ಆ ಮನೆಯ ಬಟ್ಟೆಯ ಕೆಲಸದಲ್ಲಿ ಅವರ ಪಾಲು ಅಷ್ಟೇ. ಅಂಗಳದ ಒಣಹಾಕುವ ತಂತಿಯ ಒಂದು ತುದಿಯನ್ನು ಅಂಗಳದ ದೀಪಕ್ಕೆ ಒಳಗಿನಿಂದ ಕರೆಂಟಿನ ವೈರ್ ಎಳೆದಿದ್ದ ಕಬ್ಬಿಣದ ಪೈಪಿಗೆ ಕಟ್ಟಿದ್ದರು. ರಾತ್ರಿಯ ಮಳೆಗಾಳಿಗೆ ವೈರಿನ ರಬ್ಬರು ಸವೆದು ಪೈಪಿಗೆ ತಾಗಿದ್ದು ಯಾರಿಗೂ ಗೊತ್ತಿರಲಿಲ್ಲ.

ಒಳಗಿದ್ದ ಗುರಮ್ಮನಿಗೆ ಅತ್ತೆಯ ಕೂಗು ಕೇಳಿತು. ಓಡಿಬಂದರೆ ಮಾವನವರ ಕೈ ತಂತಿಗೆ ಅಂಟಿತ್ತು, ಮೈ ನಡುಗುತ್ತಿತ್ತು. ಸುಭದ್ರಾಬಾಯಿ ಅವರನ್ನು ಹಿಡಿಯಲು ಮುಂದೆ ನುಗ್ಗಿದ್ದರು.

"ಅತ್ತಿ, ಮುಟ್ಟಬ್ಯಾಡ್ರಿ."

ಗುರಮ್ಮ ಪಡಸಾಲೆಗೆ ಹಾರಿ ಮೇನ್ ಸ್ವಿಚ್ಚಿನ ಹಿಡಿಕೆಯನ್ನು ಕೆಳಗೆ ಎಳೆದಳು. ಗಂಡಸರಷ್ಟೇ ಮುಟ್ಟುತ್ತಿದ್ದ ಹಿಡಿಕೆ ಅದು. ಹೊರಗೆ ಶಾಂತಲಿಂಗಪ್ಪ ದೊಪ್ಪನೆ ಬಿದ್ದರು. ಅವಳು ಬಂದು ಮೂಗಿನ ಬಳಿ ಕೆನ್ನೆ ಇಟ್ಟಳು. ಉಸಿರಿರಲಿಲ್ಲ. ಕೊರಳ ಪಕ್ಕ ಬೆರಳು ಇಟ್ಟಳು. ಅಲ್ಲೂ ಏನೂ ಇರಲಿಲ್ಲ.

ಮೊಣಕಾಲೂರಿ ಎರಡೂ ಕೈ ಒಂದರ ಮೇಲೊಂದು ಇಟ್ಟು ಬಗ್ಗಿದವಳು ಹಾಗೇ ತಡೆದಳು. ಮಾವನ ಬರಿ ಎದೆಯ ನಟ್ಟನಡುವೆ, ಕೈ ಊರಬೇಕಾದ ಜಾಗದಲ್ಲೇ, ಶಿವದಾರದಲ್ಲಿ ಬೆಳ್ಳಿಯ ಕರಡಿಗೆ ಇತ್ತು. ಅದರೊಳಗೆ ಅವರ ಇಷ್ಟಲಿಂಗ. ಹುಟ್ಟಿದ ಮೇಲೆ ಕೊರಳಿಗೆ ಬಂದದ್ದು, ಮೈಯಿಂದ ಎಂದೂ ಅಗಲಕೂಡದ್ದು. ಅದರ ಮೇಲೆ ಒತ್ತುವುದು ಹೇಗೆ? ಬಿಚ್ಚಿ ತೆಗೆಯುವುದು ಹೇಗೆ? ಅವಳ ಕೊರಳಲ್ಲೂ ಲಿಂಗವಿತ್ತು. ಮಾಳಮ್ಮನ ಅಂಗಳದ ಬೊಂಬೆಯ ಎದೆಯ ಮೇಲೆ ಇದ್ದದ್ದು ಹಳೆ ಅಂಗಿ ಮಾತ್ರ. ಕಲಿಸಿದವಳಿಗೆ ಇದು ನೆನಪಾಗಿರಲಿಲ್ಲ, ಕಲಿತವರಿಗೂ ಆಗಿರಲಿಲ್ಲ.

"ಅತ್ತಿ... ಲಿಂಗ..." ಎಂದಳು. ಅವಳ ಕೈ ಗಾಳಿಯಲ್ಲೇ ಇತ್ತು.

ಸುಭದ್ರಾಬಾಯಿ ಒಂದು ಗಳಿಗೆ ಗಂಡನ ಮುಖ ನೋಡಿದರು. ಆಮೇಲೆ ಬಗ್ಗಿ, ದಾರವನ್ನು ಕೊರಳಲ್ಲೇ ಬಿಟ್ಟು, ಕರಡಿಗೆಯನ್ನು ಪಕ್ಕಕ್ಕೆ ಸರಿಸಿ ಗಂಡನ ಎಡಗೈಯನ್ನು ಹೆಗಲ ಬಳಿಗೆ ತಂದು, ಅಂಗೈಯಲ್ಲಿ ಅದನ್ನಿಟ್ಟು ಬೆರಳು ಮಡಿಚಿದರು. ದಾರ ಅಲ್ಲಿಯವರೆಗೆ ನಿಲುಕಿತು.

"ಪೂಜಿ ಹೊತ್ತಿನ್ಯಾಗ ಅಂಗೈಯಾಗೇ ಇರ್ತದ. ಇದು ಅವರ ಪೂಜಿ ಹೊತ್ತು. ಒತ್ತು ಗುರಮ್ಮ."

ಅವಳು ಒತ್ತಿದಳು. ಒಂದು, ಎರಡು, ಮೂರು. ಸೆರಗು ತಲೆಯಿಂದ ಜಾರಿ ಹೆಗಲಿಗೆ, ಹೆಗಲಿನಿಂದ ನೆಲಕ್ಕೆ ಬಿತ್ತು. ಒಂಬತ್ತು ವರ್ಷ ಮೆಲ್ಲಗೆ ಮಾತಾಡಿದ ಅಂಗಳದಲ್ಲಿ ಅವಳು ಬೀದಿಗೆ ಕೇಳುವಂತೆ ಎಣಿಸಿದಳು. ಹದಿನೈದಾಯಿತು.

"ಮೂಗು ಹಿಡೀರಿ ಅತ್ತಿ. ಬಾಯಿಗೆ ಬಾಯಿ ಹಚ್ಚಿ ಊದ್ರಿ, ಎದಿ ಏಳಬೇಕು."

ನಲವತ್ತು ವರ್ಷ ಒಲೆಯ ಊದುಗೊಳವೆಗೆ ಕೊಟ್ಟ ಉಸಿರನ್ನು ಸುಭದ್ರಾಬಾಯಿ ಗಂಡನ ಬಾಯಿಗೆ ಕೊಟ್ಟರು. ಎದೆ ಎದ್ದಿತು. ಮತ್ತೊಮ್ಮೆ ಊದಿದರು. ಬಾಗಿಲಲ್ಲಿ ನಿಂತು ಬೇಡವೆನ್ನುತ್ತಲೇ ನೋಡಿದ್ದನ್ನು ಅವರು ಒಂದೂ ಮರೆತಿರಲಿಲ್ಲ.

ಎಣಿಕೆ ಕೇಳಿ ಮೊದಲು ಬಂದವಳು ಮಾಳಮ್ಮ. ಗುರಮ್ಮನ ತೋಳು ಸೋತಾಗ ಅವಳು ಕೈ ಇಟ್ಟಳು. ಎಣಿಕೆ ಮುರಿಯಲಿಲ್ಲ. ಒಬ್ಬಳು ನರ್ಸಬಾಯಿಯನ್ನು ಕರೆಯಲು ಓಡಿದಳು, ಇನ್ನೊಬ್ಬಳು ತೊಗರಿ ಹೇರಲು ಬಂದಿದ್ದ ಟೆಂಪೋವನ್ನು ಅಡ್ಡಗಟ್ಟಿ ನಿಲ್ಲಿಸಿದಳು. ಎಷ್ಟು ಸುತ್ತಾಯಿತೋ ಯಾರಿಗೂ ಲೆಕ್ಕವಿಲ್ಲ. ವಜೀರುನ್ನಿಸಾ ಅಂಗಳಕ್ಕೆ ಕಾಲಿಡುವ ಹೊತ್ತಿಗೆ ಶಾಂತಲಿಂಗಪ್ಪನವರ ಗಂಟಲಿಂದ ಒಂದು ದೊಡ್ಡ ಗೊರಕೆಯಂಥ ಸದ್ದು ಬಂತು, ಆಮೇಲೆ ಕೆಮ್ಮು. ಅವಳು ನಾಡಿ ಹಿಡಿದು ಕೂತಳು.

"ಓಡಾಕತ್ತದ" ಎಂದಳು. "ಗುರಮ್ಮ, ಓಡಾಕತ್ತದ."

ಟೆಂಪೋ ಮುಟ್ಟಿಸಿದ ಅಫಜಲಪುರದ ದವಾಖಾನೆಯಿಂದ ಅವರನ್ನು ಗುಲಬರ್ಗಾಕ್ಕೆ ಕಳಿಸಿದರು. ಆರು ದಿನ ದೊಡ್ಡ ದವಾಖಾನೆಯಲ್ಲಿದ್ದರು. ನೋಡಲು ಬಂದವರು ದೇವರಿಗೆ ಕೈ ಮುಗಿದರು, ಟೆಂಪೋದವನ ಬೆನ್ನು ತಟ್ಟಿದರು, ಡಾಕ್ಟರಿಗೆ ಹಾರ ತಂದರು. ಡಾಕ್ಟರು ಹಾರವನ್ನು ಮೇಜಿನ ಮೇಲಿಟ್ಟು ಹಣಮಂತರಾಯನನ್ನು ಕೇಳಿದರು.

"ಊರಾಗ ಎದಿ ಒತ್ತಿದವರು ಯಾರು? ಎರಡು ಪಕ್ಕೆಲುಬು ಬಿರುಕು ಬಿಟ್ಟಾವ. ಸರಿಯಾಗೇ ಒತ್ಯಾರ."

ಹಣಮಂತರಾಯನಿಗೆ ಗೊತ್ತಿರಲಿಲ್ಲ. ನರ್ಸಬಾಯಿ ಇರಬೇಕೆಂದುಕೊಂಡಿದ್ದ. ಊರಿಗೆ ಬಂದು ತಾಯಿಯನ್ನು ಕೇಳಿದ. ಸುಭದ್ರಾಬಾಯಿ ಅಕ್ಕಿ ಆರಿಸುತ್ತ ಕೂತಿದ್ದರು.

"ನಿನ್ನ ಹೆಂಡ್ತಿ. ಕೇಳಾಕ ಇಷ್ಟು ದಿನ ಬೇಕಾತೇನು?"

ಶಾಂತಲಿಂಗಪ್ಪ ಮನೆಗೆ ಬಂದ ಮೇಲೆ ತಿಂಗಳೊಪ್ಪತ್ತು ಕೆಮ್ಮಿದಾಗಲೆಲ್ಲ ಪಕ್ಕೆ ಹಿಡಿದುಕೊಳ್ಳುತ್ತಿದ್ದರು. ಒಂದು ಸಂಜೆ ಗುರಮ್ಮ ನೀರಿನ ತಂಬಿಗೆ ಇಟ್ಟು ಒಳಗೆ ಸರಿಯುತ್ತಿದ್ದಾಗ ಅವರು ಕರೆದರು. ಹೆಂಡತಿಯನ್ನು ನಡುವೆ ತರಲಿಲ್ಲ.

"ಗುರಮ್ಮ, ಕುಂದರವ್ವಾ."

ಅವಳು ಕಂಬಕ್ಕೊರಗಿ ನಿಂತಳು. ಕೂಡುವುದು ಆಗಲಿಲ್ಲ.

"ನನಗ ಹೆಂಗ ಹೇಳಬೇಕು ತಿಳೀವಲ್ದು" ಎಂದರು. ತಮ್ಮ ಎಡ ಅಂಗೈಯನ್ನು ಬಿಡಿಸಿ ನೋಡಿಕೊಂಡರು. "ಎಚ್ಚರಾದಾಗ ಲಿಂಗ ಕೈಯಾಗಿತ್ತು. ಪೂಜಿಗೆ ಕುಂತೇನಿ ಅನಿಸ್ತು. ನೀನು, ನಿಮ್ಮ ಅತ್ತಿ... ಏನು ಬೇಕು ಕೇಳವ್ವಾ. ಸೀರಿ, ಬಂಗಾರ, ಏನರ ಕೇಳು."

ಗುರಮ್ಮ ಒಳಬಾಗಿಲ ಕಡೆ ನೋಡಿದಳು. ಅಡುಗೆಮನೆಯಿಂದ ಸುಭದ್ರಾಬಾಯಿಯ ದನಿ ಬಂತು.

"ಸೀರಿ ಯಾಕ ಬೇಕ್ರಿ ಆಕೀಗೆ? ಗುರುವಾರ ಬೇಕು. ನರ್ಸಬಾಯಿ ಜೋಡಿ ಊರೂರಿಗೆ ಕಲಿಸಾಕ ಹೋಗಬೇಕಂತ ಅದಾಳ, ಬಾಯಿ ಬಿಟ್ಟು ಕೇಳವಲ್ಲಳು. ಅವತ್ತಿನ ನೀರು ನಿಮ್ಮ ಮಗ ತರಲಿ. ರೊಟ್ಟಿ ನಾ ಬಡೀತೇನಿ. ದನದ ಕೊಟ್ಟಿಗಿ, ಮಕ್ಕಳು ನಿಮ್ಮ ಕಡಿಗೆ."

ಶಾಂತಲಿಂಗಪ್ಪ ಬಹಳ ಹೊತ್ತು ಯೋಚಿಸಿದರು. ಬಂಗಾರವಾಗಿದ್ದರೆ ಇಷ್ಟು ಯೋಚಿಸುತ್ತಿರಲಿಲ್ಲವೇನೋ.

"ಆತು" ಎಂದರು. "ಗುರುವಾರ ನಿಂದು."

ವಜೀರುನ್ನಿಸಾ ಬೊಂಬೆಯ ಕೊರಳಿಗೆ ದಾರ ಕಟ್ಟಿ ಒಂದು ಸಣ್ಣ ಮರದ ಡಬ್ಬಿ ತೂಗುಬಿಟ್ಟಳು. "ನಾ ಮರ್ತಿದ್ದೆ ಗುರಮ್ಮ. ನೀವು ಅತ್ತಿ-ಸೊಸಿ ಇಬ್ಬರೂ ನನಗ ಕಲಿಸಿದ್ರಿ" ಎಂದಳು. ದಾರದ ಉದ್ದವನ್ನು ಸುಭದ್ರಾಬಾಯಿಯೇ ಅಳೆದು ಕೊಟ್ಟಿದ್ದರು. ಗುರುವಾರಗಳಂದು ಗುರಮ್ಮನೂ ವಜೀರುನ್ನಿಸಾಳೂ ಬೊಂಬೆಯನ್ನು ಚೀಲದಲ್ಲಿ ಮಡಿಚಿಟ್ಟುಕೊಂಡು ಬಸ್ಸು ಹತ್ತುತ್ತಿದ್ದರು. ಅಫಜಲಪುರದ ಹಳ್ಳಿಗಳು ಮುಗಿದ ಮೇಲೆ ಆಳಂದದ ತೊಗರಿ ಗೋದಾಮುಗಳಲ್ಲಿ ಕಾಳು ಹಸನು ಮಾಡುವ ಹೆಂಗಸರಿಗೆ ಊಟದ ಬಿಡುವಿನಲ್ಲಿ ಕಲಿಸಿದರು. ೧೯೯೩ರಲ್ಲಿ ವಜೀರುನ್ನಿಸಾಗೆ ಜೇವರ್ಗಿಗೆ ವರ್ಗವಾಯಿತು. ಗುರಮ್ಮ ಅಲ್ಲಿಗೂ ಹೋದಳು, ಈ ಸಲ ಒಬ್ಬಳೇ ಬಸ್ಸಿನಲ್ಲಿ, ಕಿಟಕಿಯ ಪಕ್ಕ ಕೂತು.

ಜೇವರ್ಗಿಯ ಮೊದಲ ಕ್ಲಾಸಿಗೆ ಇಪ್ಪತ್ತು ಹೆಂಗಸರು ಬಂದಿದ್ದರು. ಗುರಮ್ಮ ಅಂಗಳದ ಕತೆ ಹೇಳಿ ಮುಗಿಸಿದಾಗ ಹಿಂದೆ ಕೂತಿದ್ದ ಹಜರಾಬಿ ಎಂಬ ಮುದುಕಿ ಕೇಳಿದಳು.

"ನಿಮ್ಮ ಮಾವ ಈಗೂ ಅದಾರೇನವ್ವಾ?"

"ಅದಾರ್ರಿ. ಇವತ್ತು ಗುರುವಾರ ಅಲ್ಲೇನ್ರಿ? ನನ್ನ ಮಗಳ ತಲಿ ಬಾಚಾಕ ಕುಂತಿರ್ತಾರ. ಹೆರಳು ಸೊಟ್ಟ ಆಗ್ತದ, ಆಕಿ ಸಾಲ್ಯಾಗ ಅಳ್ತಾಳ."

ಹೆಂಗಸರು ನಕ್ಕರು. ಗುರಮ್ಮನೂ ನಕ್ಕಳು. ಕಣ್ಣು ತುಂಬಿದ್ದನ್ನು ಸೆರಗಿನಿಂದ ಒರೆಸಿಕೊಂಡು, ಪಕ್ಕದಲ್ಲಿದ್ದ ವಜೀರುನ್ನಿಸಾಳ ಕೈ ಒಮ್ಮೆ ಒತ್ತಿ ಹಿಡಿದಳು. ಆಮೇಲೆ ಮುಂದಿನ ಸಾಲಿನವಳನ್ನು ಕರೆದಳು.

"ಬರ್ರಿ ಅಕ್ಕ, ಮೊದಲಿಗೆ ನೀವೇ ಬರ್ರಿ."