ಗಿರಾಕಿಯಾಗಿ ನಿಂತ ಉದ್ದಣ್ಣ

ಸರ್ಕಾರ ಎಂದರೆ ಸಾಕು, ನಮ್ಮ ದೊಡ್ಡಮ್ಮನಿಗೆ ಮೈಯೆಲ್ಲ ಉರಿಯುತ್ತದೆ. ಉರಿಯದೆ ಇನ್ನೇನು! ಗಂಡ ಸತ್ತ ಮೇಲೆ ಬೇಕರಿಯನ್ನು ಒಬ್ಬಳೇ ನಡೆಸಿದವಳು. ಬಲಭುಜ ಹಿಡಿದುಕೊಂಡು ಕೈ ಎತ್ತಲಾಗದೆ ಹೋದಾಗ, ಗಡಿ ದಾಟಿ ಬಂದು ಕೆಲಸ ಕೇಳಿದವನೊಬ್ಬ ಹಿಟ್ಟು ನಾದಲು ನಿಂತ. ಬಾಗಿಲಲ್ಲಿ ತಲೆ ತಗ್ಗಿಸದೆ ಒಳಬರಲಾಗದ ಆಳು. ಉದ್ದಣ್ಣ ಎಂದು ಕರೆದವಳು ದೊಡ್ಡಮ್ಮನೇ. ಅವನ ಹತ್ತಿರ ಕಾಗದಪತ್ರ ಒಂದೂ ಇರಲಿಲ್ಲ.

ಆಗಿನ ಸರ್ಕಾರ ಕಂಡೂ ಕಾಣದಂತಿತ್ತು. ಮುಂದಿನದು, ಇಂಥವರನ್ನು ಇಟ್ಟುಕೊಂಡರೆ ಅಂಗಡಿಗೆ ಬೀಗ ಎಂದಿತು. ಆಮೇಲೆ ಆಳುಗಳೇ ಸಿಗದೆ ಸುಮ್ಮನಾಯಿತು. ಈಗಿನವರಿಗೆ ಮತ್ತೆ ಬೀಗದ ನೆನಪು.

"ಬೆಳಿಗ್ಗೆಗೊಂದು ಬುದ್ಧಿ, ಸಂಜೆಗೊಂದು ಬುದ್ಧಿ! ನಾನು ಯಾವುದಕ್ಕೆ ಅಂತ ಕುಣೀಲಿ?" ಎಂದು ದೊಡ್ಡಮ್ಮ ಒಲೆಯ ಬಾಗಿಲನ್ನು ಧಡಾರನೆ ಹಾಕುತ್ತಿದ್ದಳು.

ಒಂದು ಬೆಳಿಗ್ಗೆ ಗಾಜಿನಾಚೆ ತಪಾಸಣೆಯ ಗಾಡಿ ಬಂದು ನಿಂತಿತು. ದೊಡ್ಡಮ್ಮ ಉದ್ದಣ್ಣನ ಏಪ್ರನ್ ಕಿತ್ತು ತಾನು ಕಟ್ಟಿಕೊಂಡು, ಅವನನ್ನು ಗಿರಾಕಿಗಳ ಸಾಲಿಗೆ ತಳ್ಳಿದಳು. ಗಲ್ಲಾದಲ್ಲಿ ಕೂತಿದ್ದ ನಾನು ಅವನ ಕೈ ನೋಡಿದೆ. ಕೈತುಂಬ ಹಿಟ್ಟು ಮೆತ್ತಿಕೊಂಡ ಗಿರಾಕಿ ಎಲ್ಲಾದರೂ ಉಂಟೆ! ಅವನು ಕೈಗಳನ್ನು ಜೇಬಿಗೆ ತುರುಕಿಕೊಂಡ.

"ಹಿಟ್ಟು ಯಾರು ನಾದೋದು?" ಎಂದ ಅಧಿಕಾರಿ.

"ನಾನೇ. ಇನ್ಯಾರಿದಾರೆ ಇಲ್ಲಿ?"

"ಎಲ್ಲಿ, ನಾದಿ ನೋಡೋಣ."

ದೊಡ್ಡಮ್ಮ ನಾದಿದಳು. ನೋವಿಗೆ ಕಣ್ಣಲ್ಲಿ ನೀರು ತುಂಬಿತು, ಬಾಯಿ ಮಾತ್ರ ನಿಲ್ಲಲಿಲ್ಲ. "ಮಾಡೋಕೆ ಬೇರೆ ಕೆಲಸ ಇಲ್ವಾ ನಿಮಗೆ?"

ಉದ್ದಣ್ಣನ ಸರದಿ ಬಂತು. ಅವನು ಅವಳ ಭುಜವನ್ನೇ ನೋಡುತ್ತಿದ್ದ. ಅವನೇ ಬೇಯಿಸಿದ್ದ ಬ್ರೆಡ್ಡನ್ನು ನಾನು ಅವನ ಕಂಕುಳಿಗೆ ಸಿಕ್ಕಿಸಿ ಕಳಿಸಿದೆ. ಹೊರಗಿನವರು ಯಾರೂ ಇಲ್ಲಿ ಕೆಲಸ ಮಾಡಿಲ್ಲ ಎಂದು ಅಧಿಕಾರಿ ಬರೆದುಕೊಂಡ. ದೊಡ್ಡಮ್ಮ ಖುಷಿಯಿಂದಲೇ ಸಹಿ ಹಾಕಿದಳು.

"ತೊಲಗಿತು ಪೀಡೆ!" ಎಂದಳು.

ಮುಂದಿನ ವಾರವೇ ಹೊಸ ಆದೇಶ ಬಂತು. ಐದು ವರ್ಷ ಒಂದೇ ಕಡೆ ದುಡಿದವರು ಇಲ್ಲೇ ಉಳಿಯಬಹುದು, ಮಾಲೀಕರು ಹೌದೆಂದರೆ ಸಾಕು. ಉಳಿದವರು ತಿಂಗಳೊಳಗೆ ಹೊರಡಬೇಕು. ದೊಡ್ಡಮ್ಮ ಉದ್ದಣ್ಣನನ್ನು ಎಳೆದುಕೊಂಡು ಕಚೇರಿಗೆ ಓಡಿದಳು, ಜೊತೆಗೆ ನಾನೂ. ಮೇಜಿನಾಚೆ ಕೂತಿದ್ದವನು ಅದೇ ಅಧಿಕಾರಿ.

"ಇವನು ಆರು ವರ್ಷದಿಂದ ನನ್ನ ಹತ್ರಾನೇ ಇದಾನೆ ಸ್ವಾಮಿ."

"ಯಾರೂ ಇಲ್ಲ ಅಂತ ನೀವೇ ಸಹಿ ಹಾಕಿದ್ರಲ್ಲಮ್ಮ? ಇವರು ಗಿರಾಕಿ. ನಾನೇ ಕಣ್ಣಾರೆ ನೋಡಿದೀನಿ."

"ಅಯ್ಯೋ ನಿಮ್ಮ! ಅವತ್ತು ನನ್ನ ಕೈಲಿ ನಾದಿಸಿ ನೋಡಿದ್ರಲ್ಲ, ಇವತ್ತು ಇವನ ಕೈಲಿ ನಾದಿಸಿ ನೋಡ್ರೀ!"

"ಅದಕ್ಕೆಲ್ಲ ನಿಯಮದಲ್ಲಿ ಅವಕಾಶ ಇಲ್ಲ."

ಉದ್ದಣ್ಣ ಅವಳ ತೋಳು ಹಿಡಿದ. "ಬಿಡಿ ಅಮ್ಮ. ಮೊದಲು ಭುಜಕ್ಕೆ ಡಾಕ್ಟರ ಹತ್ರ ಹೋಗಿ."

ತಿಂಗಳು ಮುಗಿಯುವ ಮೊದಲೇ ಅವನು ಹೊರಟುಹೋದ. ಈಗ ಬೇಕರಿಯಲ್ಲಿ ಹಿಟ್ಟು ನಾದುವವಳು ದೊಡ್ಡಮ್ಮನೇ, ಒಂದೇ ಕೈಯಲ್ಲಿ. ಅವಳು ಸಹಿ ಹಾಕಿದ್ದ ಸುಳ್ಳು ಕಡೆಗೂ ನಿಜವಾಯಿತು.