ನೀಲವ್ವನ ಜೊತೆ ಬಿಸಿಲು ನೀರಿನ ಪರೀಕ್ಷೆಗೆ

ಹುಬ್ಬಳ್ಳಿಯಿಂದ ಬಾಗಲಕೋಟೆಗೆ ಬೆಳಗಿನ ಏಳೂವರೆಯ ಬಸ್ಸು ಹಿಡಿದೆ. ಸಂಕ್ರಾಂತಿ ಮುಗಿದು ವಾರವಾಗಿತ್ತು. ಕಿಟಕಿಯ ಗಾಜು ಅರ್ಧ ಮಾತ್ರ ಮುಚ್ಚುತ್ತಿತ್ತು, ಉಳಿದರ್ಧಕ್ಕೆ ನನ್ನ ಶಾಲು ಅಡ್ಡ ಹಿಡಿದೆ. ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡಿಲ್ಲ. ಕಂಡಕ್ಟರ್ ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟು, ಆಧಾರ್ ಕಾರ್ಡಿನ ಫೋಟೊವನ್ನೂ ನನ್ನ ಮುಖವನ್ನೂ ಎರಡೆರಡು ಸಲ ನೋಡಿದ. "ಹತ್ತು ವರ್ಷದ ಹಿಂದಿನ ಫೋಟೊ ತಮ್ಮಾ," ಎಂದೆ. "ಹತ್ತ ಏನ್ರಿ?" ಎಂದು ನಕ್ಕು ಮುಂದೆ ಹೋದ. ಕುಳಗೇರಿ ಕ್ರಾಸಿನಲ್ಲಿ ಕಾಲು ಗಂಟೆ ನಿಲ್ಲಿಸಿದರು. ಚಹಾ ಕುಡಿದು ಎರಡು ಮಿರ್ಚಿ ಭಜಿ ತಿಂದೆ. ರಸ್ತೆಯ ಎರಡೂ ಕಡೆ ಬಿಳಿಜೋಳ ತೆನೆಗಟ್ಟಿ ನಿಂತಿತ್ತು.

ಹೊರಟದ್ದು ತಂಗಿ ನೀಲವ್ವನಿಗಾಗಿ. ಅವಳು ಇಳಕಲ್ಲಿನಲ್ಲಿ ಬಾಣಂತಿಯರಿಗೂ ಕೂಸುಗಳಿಗೂ ಎರೆಯುವಾಕೆ. ಹೆರಿಗೆಯಾದ ಮನೆಯವರು ಕರೆಯುತ್ತಾರೆ. ಇವಳು ಬೆಳಿಗ್ಗೆ ಹೋಗಿ, ಬಚ್ಚಲ ಒಲೆಗೆ ಹತ್ತಿಕಟ್ಟಿಗೆ ತುರುಕಿ, ತಾಮ್ರದ ಹಂಡೆಯಲ್ಲಿ ನೀರು ಕಾಯಿಸಿ, ಬಾಣಂತಿಯ ಬೆನ್ನು ಸೊಂಟಕ್ಕೆ ತಂಬಿಗೆ ತಂಬಿಗೆ ಹೊಡೆಯುತ್ತಾಳೆ. ಆಮೇಲೆ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿ ಎರೆಯುತ್ತಾಳೆ. ಮೂವತ್ತು ವರ್ಷ ಕಿಟಕಿಯಿಲ್ಲದ ಬಚ್ಚಲುಗಳಲ್ಲಿ ಕೂತು ಊದಿದ ಹೊಗೆ ಈಗ ಅವಳ ಎದೆ ಹಿಡಿದಿದೆ. ನಾಲ್ಕು ಮೆಟ್ಟಿಲು ಹತ್ತಿದರೆ ಕೂರಬೇಕು. ಬಾಗಲಕೋಟೆಯ ಡಾಕ್ಟರಿಗೆ ತೋರಿಸುವುದು ನೆಪ ಮಾತ್ರ. ಅವರು ಏನು ಹೇಳುತ್ತಾರೆಂದು ಇಬ್ಬರಿಗೂ ಗೊತ್ತಿತ್ತು.

ಇಳಕಲ್ಲಿನ ಮಾಳಿಗೆಗಳ ಮೇಲೆ ಈಗ ಸೋಲಾರ್ ವಾಟರ್ ಹೀಟರುಗಳು ಬಂದಿವೆ. ಆ ನೀರಿನಲ್ಲೇ ಎರೆದರೆ ಹೊಗೆಯ ಮಾತೇ ಇಲ್ಲ. ಆದರೆ ಬಾಣಂತಿಯ ವಿಷಯ ಬಂದರೆ ಎಲ್ಲರೂ ಮತ್ತೆ ಹಂಡೆಗೇ ಉರಿ ಹಾಕುತ್ತಾರೆ. "ಬಿಸಿಲಿಗೆ ಕಾದದ್ದು ಸತ್ತ ನೀರು, ಎಲುಬಿಗೆ ಹತ್ತಂಗಿಲ್ಲ" ಎಂಬ ಮಾತನ್ನು ಊರಿಗೆ ಊರೇ ನಂಬಿದೆ. ಆ ಮಾತನ್ನು ಊರಿಗೆ ಹೇಳಿದವಳು ಬೇರೆ ಯಾರೂ ಅಲ್ಲ, ನನ್ನ ತಂಗಿಯೇ. ತಾನು ತೋಡಿದ ಬಾವಿಗೆ ತಾನೇ ಬಿದ್ದಿದ್ದಾಳೆ. ಎತ್ತುವುದಕ್ಕೆ ನಾನು ಹೊರಟಿದ್ದೆ.

ನೀಲವ್ವ ಇಳಕಲ್ಲಿನಿಂದ ಬಂದು ನವನಗರದ ಬಸ್ ನಿಲ್ದಾಣದಲ್ಲಿ ಕಾದಿದ್ದಳು. ಆಟೊದವನು ಎಂಬತ್ತು ಕೇಳಿ ಅರವತ್ತಕ್ಕೆ ಬಂದ. ನಮ್ಮ ಸೋದರಮಾವನ ಮಗನ ಮನೆಯಲ್ಲಿ ಇಳಿದೆವು. ಹಳೇ ಬಾಗಲಕೋಟೆಯ ಅವರ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ಇಲ್ಲಿ ಎರಡಂತಸ್ತು ಕಟ್ಟಿದ್ದಾರೆ, ಮೇಲೆ ಸೋಲಾರ್ ಕೂಡ ಇದೆ. ನಾನು ಅದನ್ನು ನೋಡಿಯೇ ಆ ಮನೆ ಆರಿಸಿದ್ದೆ. "ನಾಳೆ ಅದೇ ನೀರು ಹೊಯ್ಕೊಂಡು ನೋಡು," ಎಂದೆ. "ನೋಡ್ತೇನಿ. ನೋಡಿದ್ದನ್ನ ಹೇಳ್ತೇನಿ. ನನ್ನ ಎದಿ ಉಳೀಲಿ ಅಂತ ಬಾಣಂತಿ ಎಲುಬು ಕೆಡಸಂಗಿಲ್ಲ ನಾ," ಎಂದಳು.

ಮರುದಿನ ಬೆಳಿಗ್ಗೆ ಆರಕ್ಕೆ ಬಚ್ಚಲಿಗೆ ಹೋದವಳು ಐದೇ ಮಿನಿಟಿಗೆ ಹೊರಬಂದಳು. ಹಲ್ಲು ಕಟಕಟ ಅನ್ನುತ್ತಿದ್ದವು, ಮುಖದಲ್ಲಿ ಮಾತ್ರ ಗೆದ್ದ ಕಳೆ. "ತಣ್ಣಗ ಐತಿ. ಆಲಿಕಲ್ಲು ಕರಗಿಸಿದಂಗ ಐತಿ. ನಾ ಹೇಳಿದ್ದೇನು?" ಮನೆಯವರು ಶಾಲೆ, ಆಫೀಸು ಎಂದು ಓಡಾಡುತ್ತಿದ್ದರು, ಯಾರನ್ನೂ ಕೇಳುವ ಹಾಗಿರಲಿಲ್ಲ. ದವಾಖಾನೆಗೆ ಹೋಗುವವರೆಗೂ ಕೆಮ್ಮಿದಳು. ನನಗೆ ಅವಳ ಮೇಲೂ ಸಿಟ್ಟು, ಆ ಸೋಲಾರಿನ ಮೇಲೂ ಸಿಟ್ಟು.

ಡಾಕ್ಟರು ಚಿಕ್ಕ ವಯಸ್ಸಿನವರು. ಎದೆಯ ಫೋಟೊ ಬೆಳಕಿಗೆ ಹಿಡಿದು ಮೆತ್ತಗೆ ಹೇಳಿದರು: "ಅವ್ವಾರ, ಹೊಗಿ ಬಿಟ್ರ ಔಷಧ ಕೆಲಸ ಮಾಡತೈತಿ. ಹೊಗಿ ಬಿಡಲಿಲ್ಲಂದ್ರ ನನ್ನ ಹತ್ರ ಬಂದೂ ಉಪಯೋಗ ಇಲ್ರಿ."

"ಹೊಗಿ ಬಿಡೂದಂದ್ರ ಕೆಲಸ ಬಿಡೂದ್ರಿ," ಎಂದಳು ನೀಲವ್ವ. "ಕೆಲಸ ಬಿಟ್ಟು ಮನ್ಯಾಗ ಕುಂತು ಏನ್ ಮಾಡ್ಲಿ? ಇಳಕಲ್‌ನ್ಯಾಗ ಅರ್ಧ ಮಂದಿ ನನ್ನ ಕಾಲಮ್ಯಾಲೆ ಮಲಗಿ ದೊಡ್ಡವರಾಗ್ಯಾರ." ಡಾಕ್ಟರು ಚೀಟಿ ಬರೆದರು.

ಹೊರಗಿನ ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿ ಹಣೆಗೆ ಭಂಡಾರದ ಅರಿಶಿನ ಹಚ್ಚಿದ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಕೂತಿದ್ದಳು. ಹೆಸರು ಮಾಳವ್ವ. ಬಾದಾಮಿ ಹತ್ತಿರ ಶಿವಯೋಗ ಮಂದಿರದ ಆಚೆಯ ಹಳ್ಳಿ, ಕುರಿ ಮತ್ತು ನಾಲ್ಕೆಕರೆ ಹೊಲ. ಗಂಡನ ಮೊಣಕಾಲು ತೋರಿಸಲು ಬಂದಿದ್ದಳು. ಬೆಂಚಿನ ಮೇಲೂ ಮುಂದುವರಿದ ನಮ್ಮ ನೀರಿನ ಜಗಳವನ್ನೆಲ್ಲ ಕೇಳಿಸಿಕೊಂಡು, "ಯಕ್ಕಾ, ಸೋಲಾರ್ ನೀರು ಸತ್ತದ್ದು ಅಂದವರ್ಯಾರು? ನಮ್ಮ ಮನ್ಯಾಗ ಕೋಳಿ ಪುಕ್ಕ ಬಿಚ್ಚತೈತಿ ಆ ನೀರಿಗೆ. ಬರ್ರಿ, ನೋಡ್ರಿ," ಎಂದಳು. ನಾನು ಸಂಕೋಚಪಟ್ಟೆ. ಕೋಳಿಯ ಮಾತಿಗೆ ಮೂಗು ಮುರಿದರೂ ನೀಲವ್ವ ಸವಾಲೆಂದರೆ ಬಿಡುವವಳಲ್ಲ. ಎರಡೂವರೆಯ ಬಾದಾಮಿ ಬಸ್ಸಿಗೆ ನಾಲ್ವರೂ ಹತ್ತಿದೆವು.

ಬಾದಾಮಿಗೆ ಒಂದು ಗಂಟೆಯ ಮೇಲಾಯಿತು. ಅಲ್ಲಿಂದ ಟಂಟಂ ಆಟೊದಲ್ಲಿ ತಲೆಗೆ ಇಪ್ಪತ್ತು ರೂಪಾಯಿ. ಮಲಪ್ರಭೆ ಸಣ್ಣಗೆ ಹರಿಯುತ್ತಿತ್ತು. ಮಾಳವ್ವನದು ಕೆಂಪುಕಲ್ಲಿನ ಗೋಡೆಯ ತಗ್ಗು ಮನೆ, ಮೇಲೆ ಮಣ್ಣಿನ ಮಾಳಿಗೆ. ಮಾಳಿಗೆಯ ಮೇಲೆ ಗಾಜಿನ ಕೊಳವೆಗಳ ಸೋಲಾರ್ ಇತ್ತು. ಹೊತ್ತು ಮುಳುಗುತ್ತಲೇ ಮಾಳವ್ವ ನಿಚ್ಚಣಿಕೆ ಹತ್ತಿ ಆ ಸೋಲಾರಿಗೆ ಒಂದು ಹಳೇ ಕೌದಿ ಹೊದಿಸಿ, ನಾಲ್ಕು ಮೂಲೆಗೂ ಕಲ್ಲು ಇಟ್ಟಳು. "ಕೂರಿಸಿ ಹೋದವರು ಬ್ಯಾಡ ಅಂದ್ರು. ಅವರಿಗೇನು, ಅವರೂರಿಗೆ ಹೋದ್ರು. ರಾತ್ರಿ ಥಂಡಿಗೆ ಅದಕ್ಕೂ ಒಂದು ಹೊದಿಕಿ ಬೇಕಲ್ರಿ," ಎಂದಳು. ಗಂಡ ಕಟ್ಟೆಯ ಮೇಲೆ ಮೊಣಕಾಲು ತಿಕ್ಕಿಕೊಳ್ಳುತ್ತ, "ನನಗ ಹರಕ ಕಂಬಳಿ, ಅದಕ್ಕ ಕೌದಿ," ಎಂದ. ಊಟಕ್ಕೆ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಬೀರಪ್ಪ ದೇವರ ಫೋಟೊದ ಕೆಳಗೆ ನಮಗೆ ಹಾಸಿಕೊಟ್ಟರು.

ಮೂರನೆಯ ದಿನ ಬೆಳಕು ಹರಿಯುವ ಮೊದಲೇ ನೀಲವ್ವ ಬಚ್ಚಲಿನ ನಲ್ಲಿ ತಿರುಗಿಸಿ ಬಕೆಟ್ ಹಿಡಿದಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಕೈ ಅದ್ದಿ, "ತಣ್ಣಗ," ಎಂದು ನಲ್ಲಿ ಬಂದ್ ಮಾಡಲು ಹೋದಳು. ಮಾಳವ್ವ ಹಿಂದಿನಿಂದ ಬಂದು ಅವಳ ಕೈ ಹಿಡಿದಳು.

"ತಡೀರಿ ಯಕ್ಕಾ! ಇದು ಪೈಪಿನ್ಯಾಗ ರಾತ್ರೆಲ್ಲ ನಿಂತ ನೀರು. ಇದು ದನಕ್ಕ. ಇದು ಬಂದು ಹೋದ ಮ್ಯಾಲ ಮಾಳಿಗಿ ಮ್ಯಾಲಿನ ಬಿಸಿನೀರು ಬರತೈತಿ."

ಆ ಬಕೆಟ್ ತುಂಬಿತು. ಮಾಳವ್ವ ಅದನ್ನು ಎಮ್ಮೆಯ ಬಾನಿಗೆ ಸುರಿದು ಬಂದಳು. ಎರಡನೆಯ ಬಕೆಟ್ಟಿಗೆ ನೀರು ಬಿದ್ದಾಗ ಹಬೆ ಎದ್ದಿತು. ನೀಲವ್ವ ಮೊಣಕೈ ಅದ್ದಿದಳು. ಕೂಸಿನ ನೀರನ್ನು ಅವಳು ನೋಡುವುದೇ ಹಾಗೆ. ಅದ್ದಿದ ಕೈಯನ್ನು ಹಾಗೇ ಹಿಂದಕ್ಕೆ ಎಳೆದುಕೊಂಡಳು. ನಾನು ಗೆದ್ದೆ ಎಂದು ನಗಬೇಕೆಂದಿದ್ದೆ, ಅವಳ ಮುಖ ನೋಡಿ ತಣ್ಣೀರಿನ ಕೊಡ ಮುಂದೆ ಸರಿಸಿದೆ. ತಣ್ಣೀರು ಬೆರೆಸಿ ಸ್ನಾನ ಮಾಡಿದಳು. ನವನಗರದಲ್ಲಿ ಎರಡಂತಸ್ತಿನ ಉದ್ದ ಪೈಪಿನ ನೀರನ್ನೇ ಮೈಮೇಲೆ ಹಾಕಿಕೊಂಡಿದ್ದಾಳೆಂದು ನನಗೂ ಆಗ ಹೊಳೆಯಿತು.

ಬಾದಾಮಿಯಿಂದ ಹುನಗುಂದಕ್ಕೆ ಪಟ್ಟದಕಲ್ಲು, ಐಹೊಳೆ, ಅಮೀನಗಡದ ಮೇಲೆ ಹೋಗುವ ಬಸ್ಸು ಸಿಕ್ಕಿತು. ಅರವತ್ತು ಕಿಲೋಮೀಟರು ಇರಬಹುದು, ಎರಡು ಗಂಟೆಗೂ ಮಿಕ್ಕಿ ಹಿಡಿಯಿತು. ಐಹೊಳೆಯಲ್ಲಿ ಕ್ಯಾಮೆರಾ ಹೊತ್ತವರು ಇಳಿದರು, ಶೇಂಗಾ ಚೀಲ ಹೊತ್ತವರು ಹತ್ತಿದರು. ಹೊರಗೆ ಬಿಸಿಲು ಹತ್ತು ಗಂಟೆಗೇ ಚುರುಗುಟ್ಟುತ್ತಿತ್ತು. ಅಮೀನಗಡ ಬರುವಷ್ಟರಲ್ಲಿ ನೀಲವ್ವ ಬಾಯಿ ಬಿಟ್ಟಳು.

"ಅಕ್ಕಾ, ನಮ್ಮೂರಾಗ ಮೊದಲನೇ ಸೋಲಾರ್ ಬಂದಾಗ ಆ ಮನ್ಯಾಗ ನಾನ ಎರೀತಿದ್ದೆ. ನಲ್ಲಿ ಬಿಟ್ಟೆ. ಮೊದಲನೇ ಬಕೆಟ್ ಉಗರ ಬಿಸಿನೂ ಇರಲಿಲ್ಲ. ಅದನ್ನ ಚೆಲ್ಲಲಿಕ್ಕೆ ಮನಸ್ಸು ಬರಲಿಲ್ಲ. ಬಾಣಂತಿ ಬೆನ್ನಿಗೆ ಹಾಕಿದೆ. ಆ ಹುಡುಗಿ ನಡುಗಿಬಿಟ್ಳು. ಅವತ್ತ ಹೇಳಿದೆ ನೋಡು, ಸತ್ತ ನೀರು ಅಂತ."

ಈ ಸೀಮೆಯಲ್ಲಿ ಅದೇನೂ ದೊಡ್ಡ ತಪ್ಪಲ್ಲ. ನಾವಿಬ್ಬರೂ ಎರಡು ಮೈಲಿ ನಡೆದು ಕೊಡ ತುಂಬಿ ತಂದವರು. ಹರಿಯುವ ನೀರಿಗೆ ಪಾತ್ರೆ ಹಿಡಿಯದಿದ್ದರೆ ಕೈ ತುರಿಸುತ್ತದೆ, ಹಿಡಿದ ನೀರನ್ನು ಚೆಲ್ಲಿದರೆ ಪಾಪ ಸುತ್ತಿಕೊಳ್ಳುತ್ತದೆ ಎಂದೇ ಬೆಳೆದಿದ್ದೇವೆ. ಹಾಗೆಂದು ಹೇಳಿದೆ. "ಸಮಾಧಾನ ಮಾಡಬ್ಯಾಡ. ಎಲ್ಲಾರಿಗೂ ಹಂಡೇ ನೀರು ಹದ ಬರೋತನ ತಡೀರಿ ಅಂತ ಬೈಯಾಕಿ, ನಾ ಒಂದು ಬಕೆಟ್ ತಡೀಲಿಲ್ಲ," ಎಂದು ಕಿಟಕಿಯ ಕಡೆ ತಿರುಗಿದಳು. ಹುನಗುಂದದಲ್ಲಿ ಬಸ್ಸು ಬದಲಿಸಿ, ಒಂದೊಂದು ಪ್ಲೇಟು ಗಿರ್ಮಿಟ್ ತಿಂದು, ಮಧ್ಯಾಹ್ನ ಇಳಕಲ್ ಸೇರಿದೆವು. ಅವಳ ಓಣಿಯಲ್ಲಿ ಎಂಟು ಮನೆಗೆ ಒಂದು ಮಗ್ಗದ ಸದ್ದಾದರೂ ಇನ್ನೂ ಇದೆ.

ನಾಲ್ಕನೆಯ ದಿನ ಅವಳಿಗೆ ಸಾವಿತ್ರಿಯ ಮನೆಯಲ್ಲಿ ಎರೆಯುವುದಿತ್ತು. ಸಾವಿತ್ರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು, ಕೂಸಿಗೆ ಹನ್ನೊಂದು ದಿನ. ನೀಲವ್ವ ಸಾವಿತ್ರಿಗೂ ಕೂಸಾಗಿದ್ದಾಗ ಎರೆದಿದ್ದಾಳೆ. ತಂದೆ ಸೀರೆ ವ್ಯಾಪಾರಿ, ಮಾಳಿಗೆಯ ಮೇಲೆ ದೊಡ್ಡ ಸೋಲಾರ್ ಹಾಕಿಸಿದ್ದಾರೆ. ಆದರೆ ಬಚ್ಚಲ ಕಾರಭಾರ ಸಾವಿತ್ರಿಯ ಅಜ್ಜಿ ಶಂಕ್ರವ್ವನದು. ನಾವು ಎಂಟಕ್ಕೆ ಹೋದಾಗ ಒಲೆಯಲ್ಲಿ ಹತ್ತಿಕಟ್ಟಿಗೆ ತುರುಕಿ, ಅವಳ ಸೊಸೆ, ಅಂದರೆ ಸಾವಿತ್ರಿಯ ತಾಯಿ, ಕೈಯಲ್ಲಿ ಕಡ್ಡಿಪೆಟ್ಟಿಗೆ ಹಿಡಿದಿದ್ದಳು.

"ಉರಿ ಹಚ್ಚಬ್ಯಾಡ್ರಿ," ಎಂದಳು ನೀಲವ್ವ ಹೊಸ್ತಿಲಲ್ಲೇ ನಿಂತು. "ಇವತ್ತ ಸೋಲಾರ್ ನೀರಾಗ ಎರೀತೇನಿ."

ಶಂಕ್ರವ್ವ ವಿಭೂತಿ ಹಚ್ಚಿದ ಹಣೆ ಎತ್ತಿ ನೋಡಿದಳು. "ಸತ್ತ ನೀರು ಅಂದಾಕಿ ನೀನ ಅಲ್ಲೇನು? ದವಾಖಾನಿಗೆ ಹೋಗಿಬಂದೆಂತ. ನಿನ್ನ ಎದಿಗೆ ಹೊಗಿ ಹತ್ತಂಗಿಲ್ಲಂತ ಆ ನೀರಿಗೆ ಜೀವ ಬಂತೇನು?"

ಸಿಟ್ಟಿನಿಂದ ನಾನು ಬಾಯಿ ತೆರೆದೆ. ನೀಲವ್ವ ಕೈ ಅಡ್ಡ ಹಿಡಿದಳು.

"ಎದಿ ಮಾತು ಖರೆ ಅಜ್ಜಿ. ಹೊಗಿಯಾಗ ಕುಂತ್ರ ನಾ ಭಾಳ ದಿನ ಎರಿಯಂಗಿಲ್ಲ. ಆದ್ರ ನೀರಿನ ಮಾತು ಬ್ಯಾರೆ. ನಾ ಹೇಳಿದ್ದು ತಪ್ಪು. ತಿಳೀಲಾರದ ಹೇಳಿದೆ, ಊರಿಗೆಲ್ಲ ಹೇಳಿದೆ. ನನ್ನ ಎದಿ ನೆಟ್ಟಗಿದ್ರೂ ಅದು ತಪ್ಪ."

ಶಂಕ್ರವ್ವ ಒಲೆಯ ಕಡೆ ಕೈ ಮಾಡಿ, "ಕೂಸಿಗೆ ಲೋಬಾನದ ಹೊಗಿ ಹಾಕಾಕ ಕೆಂಡ ಎಲ್ಲಿಂದ ತರೂದು?" ಎಂದಳು. "ಇದ್ದಲಿ ಗ್ಯಾಸಿನ ಮ್ಯಾಲ ಕಾಯಿಸ್ರಿ. ನಾ ಹೊರಗ ಹೋದ ಮ್ಯಾಲ ಹಾಕ್ರಿ," ಎಂದಳು ನೀಲವ್ವ. ಮುದುಕಿ ಸೊಸೆಯ ಮುಖ ನೋಡಿದಳು, ಬಾಗಿಲ ಮರೆಯಲ್ಲಿ ನಿಂತಿದ್ದ ಸಾವಿತ್ರಿಯ ಮುಖ ನೋಡಿದಳು. ಆಮೇಲೆ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಬಚ್ಚಲ ಕಲ್ಲಿನ ಮೇಲೆ ತಾನೇ ಕೂತಳು. "ಮೊದಲ ನನಗ ಎರಿ. ಹನ್ನೊಂದು ದಿನದ ಬಾಣಂತಿ ಎಲುಬಿನ ಮ್ಯಾಲ ಪರೀಕ್ಷಾ ಬ್ಯಾಡ. ನನ್ನ ಎಲುಬು ಒಪ್ಪಿದ್ರ ಆಮ್ಯಾಲ ಮಾತು."

ನೀಲವ್ವ ನಲ್ಲಿ ತಿರುಗಿಸಿದಳು. ಒಂದು ಕೊಡ ತಣ್ಣೀರು ಬಂತು. ಪಕ್ಕಕ್ಕೆ ಇಟ್ಟಳು. ಇನ್ನೊಂದರ ಅರ್ಧಕ್ಕೆ ಹಬೆಯಾಡಿತು. ಬೆರಕೆ ಮಾಡಿ ಮೊಣಕೈ ಅದ್ದಿ ನೋಡಿ, ಮೊದಲ ತಂಬಿಗೆ ಮುದುಕಿಯ ಬೆನ್ನಿಗೆ ಹೊಡೆದಳು. ಎರಡನೆಯದು, ಮೂರನೆಯದು. ಶಂಕ್ರವ್ವ ಕಣ್ಣು ಮುಚ್ಚಿ ಕೂತಿದ್ದಳು, ಮುಖದಲ್ಲಿ ಏನೂ ಇಲ್ಲ. ಇವಳು ಒಲ್ಲೆ ಎಂದರೆ ಓಣಿಗೆ ಓಣಿಯೇ ಒಲ್ಲೆ ಎನ್ನುತ್ತದೆ, ನನ್ನ ತಂಗಿ ನಾಳೆಯಿಂದ ಮನೆಯಲ್ಲಿ ಕೂರುತ್ತಾಳೆ ಅಥವಾ ಹೊಗೆಯಲ್ಲಿ ಕೂರುತ್ತಾಳೆ. ಮುದುಕಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ.

"ಸೊಂಟದ ಮ್ಯಾಲ ಹಾಕು," ಎಂದಳು ಕೊನೆಗೆ. ನೀಲವ್ವ ಹಾಕಿದಳು. "ಇನ್ನಷ್ಟು ಬಿಸಿ ಇರಲಿ." ಹಾಕಿದಳು. "ಎಡಗಡೆ. ಹಾಂ, ಅಲ್ಲೇ." ಆರು, ಏಳು, ಎಂಟು ತಂಬಿಗೆ. ಮುದುಕಿ ಏಳುವ ಲಕ್ಷಣವೇ ಕಾಣಲಿಲ್ಲ.

"ಅಜ್ಜಿ, ಹಿಂಗ ಹಾಕ್ಕೋತ ಹೋದ್ರ ಬಾಣಂತಿಗೆ ನೀರು ಉಳಿಯಂಗಿಲ್ಲ," ಎಂದಳು ನೀಲವ್ವ.

ಶಂಕ್ರವ್ವ ಕಣ್ಣು ಬಿಟ್ಟಳು. ಗೋಡೆ ಹಿಡಿದು ಎದ್ದು, ಸೊಸೆಗೆ ಹೇಳಿದಳು: "ಆ ಕಟಗಿ ಎಳದು ಹೊರಗ ಹಾಕು. ಸಾವಿತ್ರಿ, ಬಂದು ಕುಂದ್ರು."

ಹನ್ನೊಂದಕ್ಕೆ ನನ್ನ ಹುಬ್ಬಳ್ಳಿ ಬಸ್ಸಿತ್ತು. ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತ ಒಮ್ಮೆ ತಿರುಗಿ ನೋಡಿದೆ. ಬಾಣಂತಿಯ ಸ್ನಾನ ಮುಗಿದು, ನೀಲವ್ವ ಕಾಲು ಚಾಚಿ ಕೂತಿದ್ದಳು, ಕಾಲ ಮೇಲೆ ಕೂಸು ಕೆಂಪಗೆ ಅಳುತ್ತಿತ್ತು. ನನ್ನ ಕಣ್ಣಿನಿಂದ ಒಂದೇ ಸಮನೆ ನೀರು ಇಳಿಯುತ್ತಿತ್ತು. ಹೋಗಿ ಬನ್ನಿ ಎಂದು ಹೇಳಲು ಬಂದ ಸೊಸೆಗೆ ಕಣ್ಣಿಗೆ ಹೊಗೆ ಹೋಯಿತು ಎನ್ನೋಣವೆಂದರೆ, ಆ ಮನೆಯಲ್ಲಿ ಅವತ್ತು ಹೊಗೆಯಿರಲಿಲ್ಲ.