ಎಲಿವೇಶನ್ ನುಂಗಿದ ಬಾತ್‌ರೂಮು

ಗೆಳೆಯರೇ, ಕೋಪ ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ಯಳಂದೂರಿನಲ್ಲಿ ಕಟ್ಟಿಸುತ್ತಿರುವ ನಮ್ಮ ಮನೆಗೆ ಬ್ಯಾಂಕಿನಿಂದ ಬರಬೇಕಿದ್ದ ಸಾಲದ ಕೊನೆಯ ಹಣ ಇಂದು ಬಂತು. ಅದರಲ್ಲಿ ಅಮ್ಮನ ಕೋಣೆಗೊಂದು ಬಾತ್‌ರೂಮು ಕಟ್ಟಿಸಬೇಕಿತ್ತು. ಈವರೆಗೆ ಕಟ್ಟಿರುವ ಒಂದೇ ಬಾತ್‌ರೂಮು ಇರುವುದು ಹಿತ್ತಲ ತುದಿಯಲ್ಲಿ. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ನಿಂತು ನಿಂತು ಅವಳ ಮಂಡಿ ಸವೆದಿದೆ. ಸಾಲವೂ ಅವಳ ಸಂಬಳದ ಮೇಲೆಯೇ ಇದೆ.

ಬೆಳಿಗ್ಗೆ ಬಂಡಳ್ಳಿಯಿಂದ ಬಂದ ದೊಡ್ಡಪ್ಪ ಮನೆಯೊಳಗೆ ಕಾಲೇ ಇಡಲಿಲ್ಲ. ರಸ್ತೆಯಲ್ಲೇ ನಿಂತು ಅಪ್ಪನಿಗೆ, "ಏನ್ಲಾ ಇದು, ಮುಂದ್ಗಡೆ ಬೋಳುಬೋಳು? ಟೈಲ್ಸ್ ಆಕ್ಸು, ಎಲ್ಡು ಕಂಬ ನಿಲ್ಸು" ಎಂದರು.

"ಭಾವ, ಆ ದುಡ್ಡು ಬಾತ್‌ರೂಮಿಗೆ. ರಾತ್ರಿ ಒತ್ನಲ್ಲಿ ಇತ್ಲಿಗೆ ಓಗಕ್ಕೆ ನಂಗಾಗಕಿಲ್ಲ" ಎಂದಳು ಅಮ್ಮ.

"ಬಾತ್‌ರೂಮ್ನ ಯಾರವ್ವ ನೋಡ್ತಾರೆ? ನಾಳೆ ಗಂಡಿನ ಕಡೆಯೋರು ಎಣ್ಣು ನೋಡಕ್ಕೆ ಬಂದ್ರೆ ಮೊದ್ಲು ಕಾಣದು ಮನೆ ಮುಂಭಾಗ, ಎಲಿವೇಸನ್ನು!"

ಆ ಹೆಣ್ಣು ನಾನೇ. ಅಲ್ಲೇ ಮರಳಿನ ಗುಡ್ಡೆಯ ಪಕ್ಕ ನಿಂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಅಪ್ಪ ಮೇಸ್ತ್ರಿಯ ಕಡೆ ತಿರುಗಿ, "ಅಣ್ಣ ಏಳ್ದಂಗೇ ಆಗ್ಲಿ" ಎಂದುಬಿಟ್ಟರು.

"ತಿಂಗಳು ತಿಂಗಳು ಕಂತು ಕಟ್ಟೋಳು ನಾನು ಕಣ್ರಿ!" ಅಮ್ಮ ಅಪ್ಪನ ಕಡೆ ತಿರುಗಿದಳು.

"ಕಟ್ಟವ್ವ, ಬ್ಯಾಡ ಅಂದೋರ್ಯಾರು?" ಎಂದು ದೊಡ್ಡಪ್ಪ ನಕ್ಕರು. ಮೇಸ್ತ್ರಿ ಟೇಪು ಹಿಡಿದು ಕಂಬಕ್ಕೆ ಅಳತೆ ಹಾಕಿದ.

ಗೃಹಪ್ರವೇಶಕ್ಕೆ ನೀವೆಲ್ಲರೂ ಬರಲೇಬೇಕು. ಕಂಬಗಳ ಮುಂದೆ ಬೇಕಾದಷ್ಟು ಸೆಲ್ಫಿ ತೆಗೆದುಕೊಳ್ಳಿ. ಆದರೆ ದಯವಿಟ್ಟು ನಿಮ್ಮ ನಿಮ್ಮ ಮನೆಯಲ್ಲೇ ಎಲ್ಲ ಮುಗಿಸಿಕೊಂಡು ಬನ್ನಿ.